ಸಾಲ ಮಾಡಿ ಮ್ಯಾಕ್ ಬೇಕೆ?

ಗ್ರಾಫಿಕ್ ಡಿಸೈನ್ ಕಲಿಯಲು ಮ್ಯಾಕ್ ಬೇಕೇ ಬೇಕೆಂದು ಅಬ್ಬಾನ ಹತ್ತಿರ ನಾನೂ ಹಟ ಹಿಡಿದಿದ್ದೆ. ಈಗ ಅದು ತಪ್ಪು ಅನಿಸುತ್ತದೆ. ಸಾಲ ಮಾಡಿಸುವ ಮೊದಲು ಕೆಲಸ ಎಲ್ಲಿದೆ ಎಂದು ನೋಡಬೇಕು. ಹೊಳೆಆಲೂರಿನ ನಮಗೆ ಹತ್ತಿರದ ದುಡಿಮೆ ಗದಗಿನ ಮುದ್ರಣಾಲಯಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ. ಕನ್ನಡ ಲಗ್ನಪತ್ರಿಕೆಗೆ ನುಡಿ, ಉರ್ದು ನಿಕಾಹ್ ಕಾರ್ಡಿಗೆ ಇನ್‌ಪೇಜ್. ಎರಡೂ ವಿಂಡೋಸ್‌ನಲ್ಲೇ ಬೆಳೆದವು. ಕೋರೆಲ್‌ಡ್ರಾ ಕೂಡ ಮ್ಯಾಕ್‌ಗೆ ಮರಳಿದ್ದು 2019ರಲ್ಲಿ. ಮ್ಯಾಕ್ ಪರದೆಯ ಬಣ್ಣ ಚೆಂದ, ನಿಜ. ಅದನ್ನು ಬೇಡುವ ಕೆಲಸ ಸಿಕ್ಕಾಗ, ದುಡಿದ ಹಣದಲ್ಲಿ ಕೊಳ್ಳೋಣ. ಸದ್ಯಕ್ಕೆ ಸಾಧಾರಣ ವಿಂಡೋಸ್ ಕಂಪ್ಯೂಟರ್ ಸಾಕು. ಇಂಕ್‌ಸ್ಕೇಪ್, ಗಿಂಪ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಜೊತೆಗೆ ಯೂನಿಕೋಡ್ ಟೈಪಿಂಗ್ ಕಲಿಯೋಣ. ನಾಳೆ ಯಂತ್ರ ಬದಲಾದರೂ ಟೈಪಿಸಿದ ಅಕ್ಷರ ಕೆಡುವುದಿಲ್ಲ, ಕೈಗೆ ಬಂದ ವಿದ್ಯೆಯೂ ಉಳಿಯುತ್ತದೆ.