ಎಳೆದು ಕೊಯ್ಯುವ ಗರಗಸ

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ದಕ್ಷಿಣ ಕೊಡಗಿಗೆ ಹೋಗುವ ಪಯಣಿಗನಿಗೆ ನಾಗರಹೊಳೆಯ ಕಾಡಿನ ಅಂಚಿನಲ್ಲಿ ತಿತಿಮತಿ ಎಂಬ ಊರು ಎದುರಾಗುತ್ತದೆ. ತೇಗ, ಹೊನ್ನೆ, ಮತ್ತಿ, ಬೀಟೆಗಳು ಬೆಳೆಯುವ ನಾಡು ಅದು. ಸಮೀಪದ ಮತ್ತಿಗೋಡಿನಲ್ಲಿ ಅರಣ್ಯ ಇಲಾಖೆಯ ಆನೆಗಳ ಶಿಬಿರವಿದೆ. ಇಂತಹ ಶಿಬಿರಗಳ ಆನೆಗಳು ಒಂದು ಕಾಲದಲ್ಲಿ ಕಾಡಿನೊಳಗಿನಿಂದ ಭಾರವಾದ ದಿಮ್ಮಿಗಳನ್ನು ಎಳೆದು ತರುತ್ತಿದ್ದವು. ಕೊಡಗಿನ ಐನ್‌ಮನೆಗಳ ಕೆತ್ತನೆಯ ಕಂಬಗಳನ್ನೂ ಬಾಗಿಲುವಾಡಗಳನ್ನೂ ಕಂಡವರಿಗೆ, ಈ ನಾಡಿನ ಬಾಳಿನಲ್ಲಿ ಮರಕ್ಕೆ ಎಂತಹ ಸ್ಥಾನವಿದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ತೇಗದ ಮರವೊಂದು ಚೆನ್ನಾಗಿ ಬಲಿಯಲು ೫೦ರಿಂದ ೮೦ ವರ್ಷಗಳು ಬೇಕು. ಅಜ್ಜ ನೆಟ್ಟ ಸಸಿ ಮೊಮ್ಮಗನ ಕಾಲಕ್ಕೆ ಹಲಗೆಯಾಗುತ್ತದೆ. ಅಷ್ಟು ಕಾಲ ಬೆಳೆದ ಮರದಲ್ಲಿ ಎಷ್ಟು ಭಾಗ ಬಾಗಿಲಾಗಿ, ಪೆಟ್ಟಿಗೆಯಾಗಿ ಉಳಿಯುತ್ತದೆ, ಎಷ್ಟು ಭಾಗ ಹೊಟ್ಟಾಗಿ ಉದುರಿಹೋಗುತ್ತದೆ ಎಂಬುದು ಬಹುಮಟ್ಟಿಗೆ ಗರಗಸವನ್ನೂ ಅದನ್ನು ಹಿಡಿದ ಕೈಯನ್ನೂ ಅವಲಂಬಿಸಿದೆ. ಆದುದರಿಂದ ಗರಗಸದ ಆಯ್ಕೆ ಬಡಗಿಯೊಬ್ಬನ ಇಷ್ಟಾನಿಷ್ಟದ ಮಾತು ಮಾತ್ರವಲ್ಲ. ಮರದ ವಿಷಯದಲ್ಲಿ ಮನುಷ್ಯನಿಗಿರುವ ಹೊಣೆಯ ಮಾತೂ ಹೌದು.

ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಕೈಗರಗಸ ಮುಂದಕ್ಕೆ ನೂಕಿದಾಗ ಕೊಯ್ಯುತ್ತದೆ. ಜಪಾನಿನ ಬಡಗಿಗಳ ಗರಗಸ ಇದಕ್ಕೆ ವಿರುದ್ಧವಾಗಿ, ತನ್ನೆಡೆಗೆ ಎಳೆದುಕೊಂಡಾಗ ಕೊಯ್ಯುತ್ತದೆ. ಮೇಲ್ನೋಟಕ್ಕೆ ಇದು ಅಲ್ಪ ಭೇದವೆಂದು ತೋರಬಹುದು. ಆದರೆ ಉದ್ದನೆಯ ಕಾಗದದ ಪಟ್ಟಿಯೊಂದನ್ನು ಎರಡು ತುದಿಗಳಲ್ಲಿ ಹಿಡಿದು ನೋಡಿದರೆ ಇದರ ಮರ್ಮ ತಿಳಿಯುತ್ತದೆ. ಒಳಕ್ಕೆ ನೂಕಿದರೆ ಪಟ್ಟಿ ಬಾಗುತ್ತದೆ. ಹೊರಕ್ಕೆ ಎಳೆದರೆ ನೆಟ್ಟಗೆ ನಿಲ್ಲುತ್ತದೆ. ಗರಗಸದ ಅಲಗಿನ ಸ್ಥಿತಿಯೂ ಹೀಗೆಯೇ. ನೂಕುವ ಗರಗಸದ ಅಲಗು ಬಾಗದಿರಬೇಕಾದರೆ ಅದು ದಪ್ಪವಾಗಿರಲೇಬೇಕು. ಎಳೆಯುವ ಗರಗಸದ ಅಲಗಿಗೆ ಆ ನಿರ್ಬಂಧವಿಲ್ಲ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರಿನಷ್ಟಿದ್ದರೂ ಸಾಕು. ನಾಜೂಕಿನ ಕೆಲಸದ ಗರಗಸಗಳಲ್ಲಿ ಅದಕ್ಕಿಂತಲೂ ಕಡಿಮೆ.

ಅಲಗು ತೆಳ್ಳಗಾದಂತೆ ಮರದಲ್ಲಿ ಬೀಳುವ ಸೀಳೂ ಕಿರಿದಾಗುತ್ತದೆ. ಗರಗಸವೊಂದು ೨ ಮಿಲಿಮೀಟರ್ ಅಗಲದ ಸೀಳು ಮಾಡುವುದಾದರೆ ಹತ್ತು ಸಲ ಕೊಯ್ಯುವಷ್ಟರಲ್ಲಿ ೨೦ ಮಿಲಿಮೀಟರ್ ಮರ ಹೊಟ್ಟಾಗುತ್ತದೆ. ಸೀಳು ೧ ಮಿಲಿಮೀಟರ್ ಆದರೆ ಈ ನಷ್ಟ ಅರ್ಧಕ್ಕಿಳಿಯುತ್ತದೆ. ತೆಗೆಯಬೇಕಾದ ಮರ ಕಡಿಮೆಯಾದಷ್ಟೂ ತೋಳಿನ ಶ್ರಮವೂ ಕಡಿಮೆ. ಕೊಯ್ದ ಮುಖವೂ ನುಣುಪಾಗಿ ಬರುವುದರಿಂದ ಅದನ್ನು ಮತ್ತೆ ಹೆಚ್ಚಾಗಿ ಕೀಸಬೇಕಾಗುವುದಿಲ್ಲ.

ಎಳೆಯುವ ತತ್ತ್ವ ಭಾರತಕ್ಕೆ ಅಪರಿಚಿತವಾದುದೇನೂ ಅಲ್ಲ. ಈ ದೇಶದ ಹಲವು ಕಡೆಗಳ ಹಳೆಯ ಕೈಗರಗಸಗಳು ಎಳೆದು ಕೊಯ್ಯುವಂಥವೇ ಆಗಿದ್ದವು. ನೆಲದ ಮೇಲೆ ಕುಳಿತು, ಮರವನ್ನು ಕಾಲಿನಿಂದ ಅದುಮಿ ಹಿಡಿದು ಕೆಲಸ ಮಾಡುವವನಿಗೆ ನೂಕುವುದಕ್ಕಿಂತ ಎಳೆಯುವುದೇ ಸಹಜ. ದಿಮ್ಮಿಯನ್ನು ತುಂಡರಿಸಲು ಇಬ್ಬರು ಎದುರುಬದುರಾಗಿ ಹಿಡಿಯುವ ದೊಡ್ಡ ಗರಗಸದಲ್ಲಿಯೂ ಇದೇ ನಿಯಮವಿದೆ. ಒಬ್ಬನು ಎಳೆಯುವಾಗ ಇನ್ನೊಬ್ಬನು ನೂಕದೆ ಕೈ ಸಡಿಲಿಸುತ್ತಾನೆ. ನೂಕಿದರೆ ಅಲಗು ಬಾಗಿ ಸಿಕ್ಕಿಕೊಳ್ಳುತ್ತದೆ. ಜಪಾನಿನ ಬಡಗಿಗಳು ಈ ತತ್ತ್ವವನ್ನು ಅತ್ಯಂತ ಸೂಕ್ಷ್ಮವಾದ ಕೆಲಸದವರೆಗೂ ಬೆಳೆಸಿದುದು ಅವರ ಹಿರಿಮೆ.

ಈ ಗರಗಸಗಳಲ್ಲಿ ಹಲವು ಬಗೆಗಳಿವೆ. ರ್ಯೋಬಾ ಎಂಬುದಕ್ಕೆ ಎರಡು ಅಂಚುಗಳಲ್ಲಿಯೂ ಹಲ್ಲುಗಳಿವೆ. ಒಂದಂಚು ಮರವನ್ನು ಎಳೆಯ ಗುಂಟ ಸೀಳುವುದಕ್ಕೆ, ಇನ್ನೊಂದು ಅಡ್ಡಕ್ಕೆ ಕೊಯ್ಯುವುದಕ್ಕೆ. ದೋಜುಕಿಯ ಅಲಗು ಬಹಳ ತೆಳು. ಅದು ಬಳುಕದಂತೆ ಬೆನ್ನಿನ ಮೇಲೆ ಲೋಹದ ಪಟ್ಟಿಯಿರುತ್ತದೆ. ಆ ಪಟ್ಟಿ ಅಡ್ಡಬರುವುದರಿಂದ ಬಹಳ ಆಳಕ್ಕೆ ಕೊಯ್ಯಲಾಗದು. ಜೋಡಣೆಯ ಕಚ್ಚುಗಳನ್ನು ಕೊಯ್ಯುವುದಕ್ಕೆ ಅದು ಯೋಗ್ಯ. ಕತಾಬಾ ಎಂಬುದಕ್ಕೆ ಒಂದೇ ಅಂಚಿನಲ್ಲಿ ಹಲ್ಲು. ಬೆನ್ನಿನ ಪಟ್ಟಿಯಿಲ್ಲದುದರಿಂದ ಅದು ಆಳವಾಗಿಯೂ ಇಳಿಯಬಲ್ಲುದು. ಮೊದಲು ಕಲಿಯುವವನಿಗೆ ೨೪೦ ಮಿಲಿಮೀಟರ್ ಉದ್ದದ ಒಂದು ರ್ಯೋಬಾ ಸಾಕು.

ಇಷ್ಟು ಗುಣಗಳಿದ್ದರೂ ಈ ಗರಗಸ ಎಲ್ಲ ಕೆಲಸಕ್ಕೂ ಒದಗುತ್ತದೆಂದು ಭಾವಿಸುವುದು ತಪ್ಪು. ಜಪಾನಿನ ಬಡಗಿಗಳು ಹೆಚ್ಚಾಗಿ ಬಳಸುವ ಸುಗಿ, ಹಿನೋಕಿ ಮರಗಳು ಮೃದುವಾದವು. ಅವುಗಳ ಎಳೆಗಳು ನೇರವಾದವು. ಗರಗಸದ ನೀಳವಾದ ಹಲ್ಲುಗಳು ಅವಕ್ಕೆ ಹೊಂದುವಂತೆ ರೂಪುಗೊಂಡಿವೆ. ತಿತಿಮತಿಯ ಸುತ್ತಿನ ಮರಗಳ ಸ್ವಭಾವ ಬೇರೆ. ಮತ್ತಿ, ಬೀಟೆಗಳು ಬಹು ಗಟ್ಟಿ. ತೇಗ ಅಷ್ಟು ಗಟ್ಟಿಯಲ್ಲದಿದ್ದರೂ ಅದರಲ್ಲಿರುವ ಮರಳಿನಂಥ ಸಿಲಿಕಾ ಅಂಶ ಹಲ್ಲುಗಳನ್ನು ಬೇಗ ಮೊಂಡಾಗಿಸುತ್ತದೆ. ಗಟ್ಟಿಮರವನ್ನು ಎಳೆಯುವ ಗರಗಸದಿಂದ ಕೊಯ್ಯಬೇಕಾದರೆ ಅದಕ್ಕೆಂದೇ ಮಾಡಿದ ಗಿಡ್ಡ ಹಲ್ಲಿನ ಅಲಗನ್ನು ಆರಿಸಬೇಕು. ಹಳೆಯ ಮನೆಯಿಂದ ಬಿಚ್ಚಿದ ಮರದಲ್ಲಿ ಮೊಳೆ ಅಡಗಿರಬಹುದು. ಅಲ್ಲಿಗೆ ದಪ್ಪ ಅಲಗಿನ ಊರ ಗರಗಸವೇ ಕ್ಷೇಮ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಈಗ ಮಾರಾಟವಾಗುವ ಜಪಾನೀ ಗರಗಸಗಳಲ್ಲಿ ಬಹುಪಾಲಿನ ಹಲ್ಲುಗಳನ್ನು ವಿದ್ಯುತ್ತಿನ ಶಾಖದಿಂದ ಗಡುಸುಗೊಳಿಸಿರುತ್ತಾರೆ. ಅವು ಬಹುಕಾಲ ಹರಿತವಾಗಿರುತ್ತವೆ, ನಿಜ. ಆದರೆ ಮೊಂಡಾದ ಮೇಲೆ ಅರದಿಂದ ಉಜ್ಜಿ ಹರಿತಗೊಳಿಸಲು ಬರುವುದಿಲ್ಲ. ಅಲಗನ್ನು ಕಳಚಿ ಬಿಸುಟು ಹೊಸದನ್ನು ಕೊಳ್ಳಬೇಕು. ಊರಿನ ಬಡಗಿಯಾದರೋ ಸಣ್ಣ ಅರವೊಂದರಿಂದ ತನ್ನ ಗರಗಸದ ಹಲ್ಲುಗಳನ್ನು ತಾನೇ ತೀಡಿಕೊಳ್ಳಬಲ್ಲನು. ತನ್ನ ಉಪಕರಣವನ್ನು ತಾನೇ ಸರಿಪಡಿಸಿಕೊಳ್ಳಬಲ್ಲವನು ಅಂಗಡಿಯ ಹಂಗಿನಲ್ಲಿರುವುದಿಲ್ಲ. ಹೊಸ ಗರಗಸವನ್ನು ಸ್ವೀಕರಿಸುವ ಭರದಲ್ಲಿ ಈ ವಿದ್ಯೆಯನ್ನು ಕಳೆದುಕೊಂಡರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಸೂಕ್ಷ್ಮ ಕೆಲಸಕ್ಕೆ ಎಳೆಯುವ ಗರಗಸ, ಒರಟು ಕೆಲಸಕ್ಕೆ ಅರಕ್ಕೆ ಒಗ್ಗುವ ಊರ ಗರಗಸ: ಎರಡನ್ನೂ ಇಟ್ಟುಕೊಳ್ಳುವುದೇ ವಿವೇಕ.

ಗರಗಸ ಯಾವುದಾದರೂ ಬಳಸುವ ಕ್ರಮ ತಿಳಿದಿರಬೇಕು. ಎಳೆಯುವ ಗರಗಸವನ್ನು ಹಿಡಿದವನು ಮೊದಲು ಚೂಪಾದ ಮೊನೆಯಿಂದ ಗೆರೆ ಕೊರೆಯಬೇಕು. ಹಿಡಿಯ ಬಳಿಯ ಸಣ್ಣ ಹಲ್ಲುಗಳಿಂದ ಹಗುರವಾಗಿ ಕೊಯ್ತವನ್ನು ಆರಂಭಿಸಿ, ಅನಂತರ ಅಲಗಿನ ಪೂರ್ಣ ಉದ್ದವನ್ನು ಬಳಸಿ ನಿಧಾನವಾಗಿ ಎಳೆಯಬೇಕು. ಕೆಳಕ್ಕೆ ಅದುಮಬಾರದು, ಹಿಂದಿರುಗಿ ನೂಕುವಾಗ ಬಲ ಹಾಕಬಾರದು. ಅವಸರಪಟ್ಟು ತಿರುಚಿದರೆ ತೆಳುವಾದ ಅಲಗು ಮಡಚಿಹೋಗುತ್ತದೆ. ಹೊಟ್ಟು ತನ್ನ ಕಡೆಗೇ ಬಂದು ಗೆರೆಯನ್ನು ಮುಚ್ಚುವುದರಿಂದ ಆಗಾಗ ಊದಿ ಗೆರೆಯನ್ನು ಕಾಣುವಂತೆ ಇಟ್ಟುಕೊಳ್ಳಬೇಕು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಕೇಳದವರಿಲ್ಲ. ಅಳತೆ ತಪ್ಪಿ ಕೊಯ್ದ ಒಂದೇ ಒಂದು ಹಲಗೆ, ತೆಳ್ಳನೆಯ ಅಲಗು ತಿಂಗಳುಗಟ್ಟಲೆ ಉಳಿಸಿದ ಮರವನ್ನೆಲ್ಲ ನುಂಗಿಬಿಡುತ್ತದೆ. ಗರಗಸ ಜಪಾನಿನದಾಗಲಿ, ಊರಿನದಾಗಲಿ, ಕೊಯ್ಯುವ ಮೊದಲು ಎರಡು ಸಲ ಅಳೆಯುವ ಕೈಯಲ್ಲಿದ್ದಾಗ ಮಾತ್ರ ಅದು ಮರವನ್ನು ಉಳಿಸುತ್ತದೆ. ಅರುವತ್ತು ವರ್ಷಗಳ ಮಳೆಬಿಸಿಲುಗಳನ್ನು ಉಂಡು ಬೆಳೆದ ತೇಗವೊಂದು ಕೊಡಲಿಗೆ ಒರಗಿದ ಮೇಲೆ ಅದಕ್ಕೆ ಸಲ್ಲಿಸಬಹುದಾದ ಗೌರವ ಇಷ್ಟೇ: ಅದರ ಒಂದು ಚೂರೂ ಅಜಾಗರೂಕತೆಯಿಂದ ಹಾಳಾಗದಂತೆ ನೋಡಿಕೊಳ್ಳುವುದು.