ವಿವಾಹವೂ ವಾಸದ ಅಪ್ಪಣೆಯೂ

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಮ್ಮ ಮಗನು ಥೈಲೆಂಡಿನ ಕನ್ಯೆಯೊಬ್ಬಳನ್ನು ವರಿಸಿ, ಚಿಯಾಂಗ್ ಮಾಯ್ ನಗರದಲ್ಲಿ ಸಂಸಾರ ಹೂಡಲು ನಿಶ್ಚಯಿಸಿರುವನೆಂದು ವಾಚಕರಾದ ತಾಯಿಯೊಬ್ಬರು ನಮಗೆ ಬರೆದಿದ್ದಾರೆ. ಸೊಸೆಯು ಅನ್ಯದೇಶದವಳೆಂಬ ವ್ಯಥೆ ಅವರ ಕಾಗದದಲ್ಲಿಲ್ಲ. “ಮದುವೆಯಾದ ಮೇಲೆ ನನ್ನ ಮಗನು ಅಲ್ಲಿ ನೆಮ್ಮದಿಯಾಗಿ ಇರಬಹುದೇ, ಅಥವಾ ಸರ್ಕಾರದವರು ಎಂದಾದರೊಂದು ದಿನ ಹೊರಡೆಂದು ಹೇಳಿಯಾರೇ?” ಎಂಬುದೊಂದೇ ಅವರ ಪ್ರಶ್ನೆ. ಇತರ ಗೃಹಸ್ಥರಿಗೂ ಪ್ರಯೋಜನವಾದೀತೆಂದು ಈ ತಿಂಗಳು ಇದನ್ನೇ ವಿಚಾರಿಸುವೆವು.

ನಮ್ಮ ಉತ್ತರದ ಸಾರವನ್ನು ಮೊದಲೇ ಹೇಳಿಬಿಡುವುದು ಲೇಸು. ಆ ದೇಶದಲ್ಲಿ ಮದುವೆಯು ಅಪ್ಪಣೆ ಬೇಡುವ ಅರ್ಹತೆಯನ್ನು ಕೊಡುತ್ತದೆಯೇ ಹೊರತು ನೆಲಸುವ ಹಕ್ಕನ್ನು ಕೊಡುವುದಿಲ್ಲ. ಆ ಅಪ್ಪಣೆಯನ್ನಾದರೂ ವರ್ಷವರ್ಷವೂ ಹೊಸದಾಗಿ ಪಡೆಯತಕ್ಕದ್ದು.

ಮೊದಲನೆಯದು ಮದುವೆಯ ಮಾತು. ನಮ್ಮಲ್ಲಿ ಧಾರೆಯೆರೆದು ಸಪ್ತಪದಿ ತುಳಿದರೆ ಮದುವೆಯಾಯಿತೆಂದು ಬಂಧುಗಳು ತಿಳಿಯುವರು. ಥೈ ಜನರೂ ಭಿಕ್ಷುಗಳನ್ನು ಕರೆಸಿ, ವಧೂವರರ ಕೈಗಳ ಮೇಲೆ ಶಂಖದಿಂದ ನೀರೆರೆದು ಹರಸುವರು. ಆದರೆ ಅಲ್ಲಿನ ಕಾನೂನಿನ ಕಣ್ಣಿಗೆ ಇದು ಮದುವೆಯಲ್ಲ. ಅಂಫೋ ಎಂದು ಕರೆಯಲ್ಪಡುವ ತಾಲ್ಲೂಕು ಕಛೇರಿಯಲ್ಲಿ ನೋಂದಣಿಯಾದರೆ ಮಾತ್ರ ವಿವಾಹವು ಸಿಂಧುವಾಗುತ್ತದೆ. ವರನು ತಾನು ಅವಿವಾಹಿತನೆಂಬ ಪ್ರಮಾಣಪತ್ರವನ್ನು ತನ್ನ ದೇಶದ ರಾಯಭಾರ ಕಛೇರಿಯಿಂದ ಪಡೆದು, ಥೈ ಭಾಷೆಗೆ ತರ್ಜುಮೆ ಮಾಡಿಸಿ, ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ ಹಾಕಿಸಿಕೊಂಡು ಹೋಗಬೇಕು. ನೋಂದಣಿಯಾದ ತರುವಾಯ ಖೋ ರೋ 3 ಎಂಬ ವಿವಾಹಪತ್ರವೂ ಖೋ ರೋ 2 ಎಂಬ ದಾಖಲೆಯ ಪ್ರತಿಯೂ ದೊರೆಯುತ್ತವೆ. ಮದುವೆಯು ಭಾರತದಲ್ಲೇ ನಡೆದಿದ್ದರೆ ಇಲ್ಲಿನ ಪತ್ರವನ್ನು ಅದೇ ರೀತಿ ತರ್ಜುಮೆ ಮಾಡಿಸಿ ಅಂಫೋದಲ್ಲಿ ದಾಖಲು ಮಾಡಿಸುವುದುಂಟು. ಆ ಪತ್ರಕ್ಕೆ ಖೋ ರೋ 22 ಎಂದು ಹೆಸರು.

ಎರಡನೆಯದು ವೀಸಾ. ಥೈ ಪತ್ನಿಯುಳ್ಳವನು ಸಾಧಾರಣವಾಗಿ ‘ನಾನ್ ಇಮಿಗ್ರೆಂಟ್ ಓ’ ಎಂಬ ವರ್ಗದ ವೀಸಾ ಪಡೆದು ಪ್ರವೇಶಿಸುತ್ತಾನೆ. ಅದರಿಂದ ದೊರೆಯುವ ವಾಸ 90 ದಿನಗಳದು. ಆ ಅವಧಿ ತೀರುವ ಮುನ್ನವೇ ಇಮಿಗ್ರೇಷನ್ ಕಛೇರಿಗೆ ಹೋಗಿ, 1,900 ಬಾತ್ ಶುಲ್ಕ ತೆತ್ತು, ಒಂದು ವರ್ಷದ ವಿಸ್ತರಣೆಗೆ ಅರ್ಜಿ ಹಾಕಬೇಕು. ಬಾತ್ ಎಂಬುದು ಅಲ್ಲಿನ ನಾಣ್ಯ.

ಇಲ್ಲಿ ಹಣದ ಪರೀಕ್ಷೆಯೊಂದಿದೆ. ವಿದೇಶೀಯ ಗಂಡನು ತಿಂಗಳಿಗೆ ಸರಾಸರಿ 40,000 ಬಾತ್ ವರಮಾನವನ್ನು ತೋರಿಸಬೇಕು. ಇಲ್ಲವೆ ಥೈ ಬ್ಯಾಂಕಿನಲ್ಲಿ ತನ್ನ ಹೆಸರಿಗೆ 4,00,000 ಬಾತ್ ಇಟ್ಟು, ಅರ್ಜಿಯ ದಿನಕ್ಕೆ ಹಿಂದಿನ ಎರಡು ತಿಂಗಳು ಅದು ಅಲ್ಲಿಯೇ ಇದ್ದಿರಬೇಕು. ವಾಚಕರು ಲೆಕ್ಕಹಾಕಿ ನೋಡಲಿ. ವಾಸವು ತೊಂಬತ್ತು ದಿನ, ಹಣ ನಿಲ್ಲಬೇಕಾದುದು ಸುಮಾರು ಅರವತ್ತು ದಿನ. ಹೋದ ಮೊದಲ ತಿಂಗಳೊಳಗೆ ಖಾತೆ ತೆರೆದು ಹಣ ಜಮಾ ಮಾಡದವನು ಮೂರನೆಯ ತಿಂಗಳಲ್ಲಿ ಪರಿತಪಿಸುವನು. ಮಧುಚಂದ್ರವನ್ನು ಮುಂದೂಡಬಹುದು, ಬ್ಯಾಂಕನ್ನು ಮುಂದೂಡಲಾಗದು. ಗಂಡನು ಥೈಯವನೂ ಹೆಂಡತಿಯು ಪರದೇಶದವಳೂ ಆಗಿದ್ದರೆ ಈ ಹಣದ ಷರತ್ತು ಆಕೆಗೆ ಅನ್ವಯಿಸದು. ಪೋಷಿಸುವ ಭಾರ ಗಂಡಸಿನದೆಂಬ ಹಳೆಯ ಭಾವನೆ ಈ ನಿಯಮದಲ್ಲಿ ಅಡಗಿದೆ.

ಮೂರನೆಯದು ಸಂಸಾರದ ಸಾಕ್ಷ್ಯ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬ ಗಾದೆಯು ಮನೆಯವರಿಗೆ ಸರಿ. ಸರ್ಕಾರವು ಕನ್ನಡಿಯನ್ನೇ ಕೇಳುತ್ತದೆ. ಕಾಗದಕ್ಕಾಗಿ ಮಾತ್ರ ಮದುವೆಯಾಗುವವರೂ ಇರುವುದರಿಂದ ಇದನ್ನು ತಪ್ಪೆನ್ನಲಾಗದು. ಪತ್ನಿಯ ಗುರುತಿನ ಚೀಟಿ, ತಬಿಯನ್ ಬಾನ್ ಎಂಬ ಮನೆಯ ನೋಂದಣಿ ಪುಸ್ತಕ, ದಂಪತಿಗಳು ಮನೆಯ ಒಳಗೂ ಹೊರಗೂ ಜೊತೆಯಾಗಿ ನಿಂತ ಛಾಯಾಚಿತ್ರಗಳು, ಮನೆಗೆ ಬರುವ ದಾರಿಯ ನಕ್ಷೆ, ಇವನ್ನೆಲ್ಲ ಒಪ್ಪಿಸಬೇಕು. ಪತ್ನಿಯು ಜೊತೆಗೆ ಹೋಗಿ ರುಜು ಹಾಕಬೇಕು. ಕೆಲವೊಮ್ಮೆ ಅಧಿಕಾರಿಗಳು ಮನೆಗೇ ಬಂದು ನೋಡಿಹೋಗುವುದುಂಟು.

ಅಪ್ಪಣೆ ದೊರೆತ ಮೇಲೂ ಮೈಮರೆಯುವಂತಿಲ್ಲ. 1979ರ ವಲಸೆ ಕಾನೂನಿನಂತೆ ವಿದೇಶೀಯನು 90 ದಿನಕ್ಕೊಮ್ಮೆ ತನ್ನ ವಿಳಾಸವನ್ನು ತಿಳಿಸಬೇಕು. ಅವನಿಗೆ ಆಶ್ರಯವಿತ್ತ ಮನೆಯ ಯಜಮಾನರು ಅವನು ಬಂದ 24 ಗಂಟೆಗಳೊಳಗೆ ವರದಿ ಕೊಡಬೇಕು. ಮನೆ ಪತ್ನಿಯದಾದರೆ, ತನ್ನ ಗಂಡನು ಮನೆಗೆ ಬಂದನೆಂದು ಆಕೆಯೇ ಸರ್ಕಾರಕ್ಕೆ ತಿಳಿಸಬೇಕು! ನಗು ಬರುವ ಸಂಗತಿಯಾದರೂ ಮರೆತರೆ ದಂಡವುಂಟು.

ಇದೆಲ್ಲಕ್ಕಿಂತ ಮುಖ್ಯವಾದ ಎಚ್ಚರವೊಂದನ್ನು ಆ ತಾಯಿಯವರು ಮಗನಿಗೆ ತಪ್ಪದೆ ಹೇಳಲಿ. ವರ್ಷದ ಅಪ್ಪಣೆಯಿರುವವನು ಮರುಪ್ರವೇಶದ ಪರವಾನಗಿಯಿಲ್ಲದೆ ಗಡಿ ದಾಟಿದರೆ ಆ ಅಪ್ಪಣೆ ಅಲ್ಲಿಗೇ ಮುಗಿಯಿತು. ಮರಳಿ ಮೊದಲಿನಿಂದ ಆರಂಭಿಸಬೇಕು. ಊರಿನಲ್ಲಿ ತಾಯಿಗೆ ಅಸ್ವಸ್ಥವೆಂಬ ಸುದ್ದಿ ನಡುರಾತ್ರಿ ಬಂದರೆ ಮಗನು ಕಾಗದಗಳನ್ನು ಹುಡುಕುತ್ತ ಕೂರುವನೇ? ಸಿಕ್ಕ ವಿಮಾನ ಹತ್ತುವನು. ಆದಕಾರಣ ವರ್ಷದ ಅಪ್ಪಣೆಯಾದ ದಿನವೇ ಪರವಾನಗಿಯನ್ನೂ ಮಾಡಿಸಿಟ್ಟುಕೊಳ್ಳುವುದು ಜಾಣತನ. ಒಂದು ಸಲದ್ದಕ್ಕೆ 1,000 ಬಾತ್, ಹಲವು ಸಲದ್ದಕ್ಕೆ 3,800 ಬಾತ್. ಅವಸರದಲ್ಲಿ ಹೊರಟವನು ಬ್ಯಾಂಕಾಕಿನ ಸುವರ್ಣಭೂಮಿ ವಿಮಾನನಿಲ್ದಾಣದಲ್ಲಿಯೂ ಇದನ್ನು ಪಡೆಯಬಹುದು.

ಈ ಅಪ್ಪಣೆಯಿಂದ ಬಾರದ ಸಂಗತಿಗಳನ್ನೂ ತಿಳಿದಿರಬೇಕು. ದುಡಿಯಲು ಪ್ರತ್ಯೇಕ ಪರವಾನಗಿ ಬೇಕು. ಪತ್ನಿಯು ಭೂಮಿ ಕೊಂಡರೆ, ಹಣವು ಆಕೆಯ ಸ್ವಂತದ್ದೇ ಎಂದು ಗಂಡನು ಬರೆದುಕೊಡಬೇಕಾಗುತ್ತದೆ. ಅವನ ಹೆಸರಿಗೆ ಭೂಮಿಯಾಗದು. ತಂದೆಯ ಗದ್ದೆ ಮಾರಿ ಅಲ್ಲಿ ಮನೆ ಕಟ್ಟಲು ಯೋಚಿಸುವವರು ಈ ಮಾತನ್ನು ಎರಡು ಸಲ ಓದಿಕೊಳ್ಳಲಿ. ಪತ್ನಿಯು ಗತಿಸಿದರೆ, ಅಥವಾ ವಿಚ್ಛೇದನವಾದರೆ, ಮುಂದಿನ ವರ್ಷಕ್ಕೆ ಈ ಆಧಾರವೇ ಇಲ್ಲ. ಥೈ ಪೌರತ್ವವುಳ್ಳ ಎಳೆಯ ಮಕ್ಕಳಿದ್ದರೆ, ಅವರನ್ನು ಪೋಷಿಸುವ ತಂದೆಯೆಂದು ಬೇರೆ ಆಧಾರದ ಮೇಲೆ ಅರ್ಜಿ ಹಾಕಲು ಅವಕಾಶವುಂಟು.

ಹಾಗಾದರೆ ಇಂಥ ಸಂಬಂಧ ಬೇಡವೆನ್ನುವೆವೇ? ಎಂದಿಗೂ ಇಲ್ಲ. ನಮ್ಮ ಹೆಣ್ಣುಮಕ್ಕಳು ತವರನ್ನು ಬಿಟ್ಟು ಕಾಣದ ಮನೆಗೆ ಹೋಗಿ, ಅಲ್ಲಿನ ನಡೆನುಡಿ ಕಲಿತು, ಗಂಡನ ಹೆಸರಿನ ಆಸರೆಯಲ್ಲಿ ಬಾಳುತ್ತ ಬಂದಿದ್ದಾರೆ. ಇಲ್ಲಿ ಆ ಪಾಡು ಗಂಡಿನದಾಗಿದೆ, ಅಷ್ಟೆ. ಹೆಂಡತಿಯ ರುಜುವಿನಿಂದ ತನ್ನ ವಾಸ ನಡೆಯುತ್ತಿದೆಯೆಂಬ ಅರಿವುಳ್ಳವನು ಆಕೆಯನ್ನು ಗೌರವದಿಂದ ಕಾಣುವನು. ಆಕೆಯೂ ಆ ರುಜುವನ್ನು ಜಗಳದ ಆಯುಧವಾಗಿ ಮಾಡಿಕೊಳ್ಳದಿದ್ದರೆ ಸಂಸಾರ ಹಸನಾಗುವುದು.

ಆ ತಾಯಿಯವರಿಗೆ ನಮ್ಮ ಸಲಹೆಯಿದು. ಮದುವೆಗೆ ಮುನ್ನ ಮಗನನ್ನೂ ಭಾವೀ ಸೊಸೆಯನ್ನೂ ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಬಿಚ್ಚಿ ಮಾತಾಡಲಿ. ಶುಲ್ಕವೂ ನಿಯಮವೂ ಬದಲಾಗುವ ವಸ್ತುಗಳಾದುದರಿಂದ ಹೊರಡುವ ಮೊದಲು ರಾಯಭಾರ ಕಛೇರಿಯಲ್ಲಿ ವಿಚಾರಿಸಿಕೊಳ್ಳಲಿ. ನಾಲ್ಕು ಲಕ್ಷ ಬಾತ್‌ಗಳನ್ನು ಮದುವೆಯ ಆಡಂಬರಕ್ಕೆ ಮುಟ್ಟದೆ ಬೇರೆಯಾಗಿ ತೆಗೆದಿಡಲಿ. ಚಪ್ಪರ ಒಂದು ದಿನದ್ದು; ಅರ್ಜಿಯು ಪ್ರತಿ ವರ್ಷದ್ದು.