ತೋಳಿನ ಪಟ್ಟಿ ಬೇರೆ, ಪಾಸ್‌ಬುಕ್ಕಿನ ಲೆಕ್ಕ ಬೇರೆ

ಮಿಲ್ಟ್ರಿಯಿಂದ ನಿವೃತ್ತರಾದವರನ್ನು ಊರಿಗೆ ಕರೆತರುವ ಮೆರವಣಿಗೆ ನೀವೂ ನೋಡಿರುತ್ತೀರಿ. ಹೊಸಪೇಟೆ ರೈಲ್ವೆ ಸ್ಟೇಷನ್ನಿನಿಂದ ತೆರೆದ ಜೀಪು, ಮುಂದೆ ಡೊಳ್ಳು, ಹಿಂದೆ ಡಿ.ಜೆ., ಊರ ಅಗಸಿಯಲ್ಲಿ ಆರತಿ. ಬಸ್ ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸ್. ಆದರೆ ಫ್ಲೆಕ್ಸಿನಲ್ಲಿ ಹೆಸರಿನ ಮುಂದೆ ಏನು ಹಾಕಿಸಬೇಕು ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಒಬ್ಬರು 'ವೀರಯೋಧ' ಅಂತಾರೆ, ಇನ್ನೊಬ್ಬರು 'ಕ್ಯಾಪ್ಟನ್' ಅಂತ ಹಾಕಿಸಿಬಿಡ್ತಾರೆ. ಸಿಪಾಯಿಯಿಂದ ಕರ್ನಲ್‌ವರೆಗೆ ಎಲ್ಲರೂ ನಮಗೆ 'ಮಿಲ್ಟ್ರಿಯವ್ರು'.

ಪ್ರೀತಿಯಿಂದ ಕರೆದರೆ ತಪ್ಪಿಲ್ಲ. ಆದರೆ ಹೆಸರಿನ ಮುಂದಿನ ಆ ಒಂದು ಪದದ ಮೇಲೆಯೇ ಆ ಮನೆಯ ಪಿಂಚಣಿ ನಿಂತಿದೆ. ಯಜಮಾನ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಯೂ ಅದರ ಮೇಲೆಯೇ ನಿಂತಿದೆ. ನಾವು ಹೇಳುವುದು ಇಷ್ಟೇ: ನಿವೃತ್ತಿಯ ರ‍್ಯಾಂಕು ಮೇಲಿನವರಿಗೆ ಹಣವಾಗಿ ಸಿಗುತ್ತದೆ, ಕೆಳಗಿನವರಿಗೆ ಎಷ್ಟೋ ಸಲ ಬರೀ ಹೆಸರಾಗಿ ಸಿಗುತ್ತದೆ, ಈಗ ಸೇರುತ್ತಿರುವ ಬಹುಪಾಲು ಹುಡುಗರಿಗೆ ಆ ಹೆಸರೂ ಇಲ್ಲ.

ಮೊದಲು ಅಧಿಕಾರಿಗಳ ಲೆಕ್ಕ ನೋಡೋಣ. ಲೆಫ್ಟಿನೆಂಟ್ ಆಗಿ ಸೇರಿದವರು 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾರೆ. ಇಲ್ಲಿವರೆಗೆ ಸೇವೆಯ ವರ್ಷವೇ ಮುಖ್ಯ. ಕರ್ನಲ್‌ನಿಂದ ಮೇಲಕ್ಕೆ ಆಯ್ಕೆ ಮಂಡಳಿ ಕೂತು ಆರಿಸುತ್ತದೆ. ಗೋಪುರ ಮೇಲೆ ಹೋದಷ್ಟೂ ಕಿರಿದು, ಎಲ್ಲರಿಗೂ ಜಾಗ ಇಲ್ಲ. ಆಯ್ಕೆಯಾಗದೆ ಉಳಿದವರನ್ನೂ ಸರ್ಕಾರ ಬರಿಗೈಲಿ ಕಳಿಸುವುದಿಲ್ಲ. 26 ವರ್ಷ ಸೇವೆ ಮುಗಿಸಿದರೆ 'ಟೈಮ್ ಸ್ಕೇಲ್' ಕರ್ನಲ್ ಮಾಡುತ್ತದೆ. ನಿವೃತ್ತಿಯ ವಯಸ್ಸೂ ರ‍್ಯಾಂಕಿನ ಜೊತೆ ಏರುತ್ತದೆ: ಕರ್ನಲ್‌ಗೆ 54, ಬ್ರಿಗೇಡಿಯರ್‌ಗೆ 56, ಮೇಜರ್ ಜನರಲ್‌ಗೆ 58, ಲೆಫ್ಟಿನೆಂಟ್ ಜನರಲ್‌ಗೆ 60.

ನಿವೃತ್ತರಾದ ಮೇಲೂ ರ‍್ಯಾಂಕು ಹೆಸರಿನ ಮುಂದೆ ಉಳಿಯುತ್ತದೆ, 'ನಿವೃತ್ತ' ಅನ್ನುವುದು ಹೆಸರಿನ ಕೊನೆಗೆ ಬರುತ್ತದೆ. ಮನುಷ್ಯ ನಿವೃತ್ತಿಯಾಗುತ್ತಾನೆ, ರ‍್ಯಾಂಕು ನಿವೃತ್ತಿಯಾಗುವುದಿಲ್ಲ ಅನ್ನುವುದು ಸೈನ್ಯದ ರೂಢಿ. ಇದರಲ್ಲಿ ನಮಗೆ ತಕರಾರಿಲ್ಲ. ಅಧಿಕಾರಿಗಳಿಗೆ ಇದು ಸಲ್ಲಬೇಕಾದ್ದೇ.

ಈಗ ಜವಾನನ ಕಡೆ ಬನ್ನಿ. ನಮ್ಮ ನಾಲ್ಕೂ ಕಡೆಯ ಹಳ್ಳಿಗಳಿಂದ ಹೋದವರಲ್ಲಿ ಹೆಚ್ಚಿನವರು ಜವಾನರಾಗಿಯೇ ಹೋದವರು. ಕನಿಷ್ಠ 15 ವರ್ಷ ಸೇವೆಯಾದರೆ ಪಿಂಚಣಿ ಉಂಟು. ನಲವತ್ತರ ಆಸುಪಾಸಿನಲ್ಲೇ ಸಿಪಾಯಿಯೋ ನಾಯಕ್ಕೋ ಹವಾಲ್ದಾರೋ ಆಗಿ ಮನೆಗೆ ಬರುತ್ತಾರೆ, ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿ ಇರುವಾಗ. ಬಡ್ತಿ ಸಿಗದವರಿಗೆ 8, 16, 24 ವರ್ಷಕ್ಕೆ ಸಂಬಳದ ದರ್ಜೆ ಮಾತ್ರ ಏರಿಸುವ ಪದ್ಧತಿ ಇದೆ. ಸಂಬಳ ಮೇಲಿನ ದರ್ಜೆಯದು, ತೋಳಿನ ಪಟ್ಟಿ ಹಳೆಯದೇ.

ಇದಕ್ಕೆ ತಿರುಗಾಮುರುಗಾ ಇರುವುದು ಗೌರವ ರ‍್ಯಾಂಕು, ನಮ್ಮೂರ ಬಾಯಲ್ಲಿ 'ಹಾನರರಿ'. ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ಪಟ್ಟಿ ಹೊರಬೀಳುತ್ತದೆ. ಸುಬೇದಾರರು, ಸುಬೇದಾರ್ ಮೇಜರ್‌ಗಳು ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಆಗುತ್ತಾರೆ. ಹವಾಲ್ದಾರನಿಗೆ ನಿವೃತ್ತಿಯ ಹೊತ್ತಿಗೆ ಗೌರವ ನಾಯಬ್ ಸುಬೇದಾರ್ ಪದವಿ ಸಿಗಬಹುದು, ನಾಯಕ್‌ಗೆ ಗೌರವ ಹವಾಲ್ದಾರ್, ಸಿಪಾಯಿಗೆ ಗೌರವ ನಾಯಕ್.

ಇದರಲ್ಲಿ ಗೌರವ ಎಷ್ಟು, ಗಂಟೆಷ್ಟು? ಗೌರವ ನಾಯಬ್ ಸುಬೇದಾರರಿಗೆ ಹಿಂದೆ ತಿಂಗಳಿಗೆ ಹೆಚ್ಚುವರಿಯಾಗಿ ಸಿಗುತ್ತಿದ್ದದ್ದು 100 ರೂಪಾಯಿ. ಆರನೇ ವೇತನ ಆಯೋಗದ ನಂತರ, 2009ರಲ್ಲಿ, ಇವರ ಪಿಂಚಣಿಯನ್ನು ನಿಜವಾದ ನಾಯಬ್ ಸುಬೇದಾರರ ಸಂಬಳದ ಮೇಲೆ ಲೆಕ್ಕ ಹಾಕಬೇಕೆಂದು ಆದೇಶವಾಯಿತು. 2006ರ ಜನವರಿ 1ರಿಂದ ಅದು ಜಾರಿ. ಅಲ್ಲೂ ಒಂದು ಮಾತು ಸೇರಿಸಿದರು: ಇದು ಪಿಂಚಣಿಗೆ ಮಾತ್ರ, ಗ್ರಾಚ್ಯುಯಿಟಿಗೆ ಹವಾಲ್ದಾರನ ಸಂಬಳವೇ ಲೆಕ್ಕ. 2006ಕ್ಕೆ ಮೊದಲೇ ನಿವೃತ್ತರಾದವರು ಟ್ರಿಬ್ಯುನಲ್, ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಹಕ್ಕು ಬಿಡಿಸಿಕೊಳ್ಳಬೇಕಾಯಿತು. ಗೌರವ ಹವಾಲ್ದಾರ್, ಗೌರವ ನಾಯಕ್‌ಗಳ ಮಾತು ಆ ಆದೇಶದಲ್ಲಿ ಬರಲೇ ಇಲ್ಲ. ಅವರಿಗೆ ತೋಳಿಗೆ ಪಟ್ಟಿ ಬಂತು, ಪಾಸ್‌ಬುಕ್ಕಿಗೆ ಬರಲಿಲ್ಲ.

'ಗೌರವಕ್ಕೆ ಬೆಲೆ ಕಟ್ಟುತ್ತೀರಾ?' ಅಂತ ಕೇಳುವವರಿದ್ದಾರೆ. ಬೆಲೆ ಕಟ್ಟಿದ್ದು ನಾವಲ್ಲ, ಸರ್ಕಾರ. 2015ರ ನವೆಂಬರ್‌ನಲ್ಲಿ ಆದೇಶವಾಗಿ 2014ರ ಜುಲೈ 1ರಿಂದ ಜಾರಿಗೆ ಬಂದ 'ಒಂದು ರ‍್ಯಾಂಕ್ ಒಂದು ಪಿಂಚಣಿ'ಯ ಅರ್ಥವೇ ಅದು: ಒಂದೇ ರ‍್ಯಾಂಕು, ಒಂದೇ ಸೇವಾವಧಿ ಇದ್ದವರಿಗೆ ಒಂದೇ ಪಿಂಚಣಿ. ರ‍್ಯಾಂಕಿಗೂ ಹಣಕ್ಕೂ ಗಂಟು ಹಾಕಿದ ಮೇಲೆ, ಬಡವನ ರ‍್ಯಾಂಕಿಗೆ ಮಾತ್ರ 'ಇದು ಗೌರವ, ಹಣ ಕೇಳಬೇಡ' ಅಂದರೆ ನ್ಯಾಯವೇ?

ಹಳೆಯದನ್ನು ತಿದ್ದಲು ಆಗುವುದಿಲ್ಲ ಅನ್ನುವ ಮಾತೂ ನಿಲ್ಲುವುದಿಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದದ್ದು 1953ರಲ್ಲಿ. ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟದ್ದು 1986ರಲ್ಲಿ, 33 ವರ್ಷದ ಮೇಲೆ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೇ ಇಲ್ಲ. ಕಾರ್ಯಪ್ಪನವರಿಗೆ ಅದು ಸಲ್ಲಬೇಕಾದ ಮಾನವೇ, ನಾಡೇ ಹೆಮ್ಮೆಪಟ್ಟಿತು. ಮನಸ್ಸಿದ್ದರೆ 33 ವರ್ಷದ ಹಿಂದಿನ ರ‍್ಯಾಂಕನ್ನೂ ಬದಲಿಸಬಹುದು ಅಂತ ಸರ್ಕಾರವೇ ತೋರಿಸಿಕೊಟ್ಟಿದೆ.

ಇನ್ನು ನಮ್ಮ ಹುಡುಗರ ಮಾತು. ಬೆಳಗಿನ ಐದಕ್ಕೆ ಟಿ.ಬಿ. ಡ್ಯಾಂ ರಸ್ತೆಯಲ್ಲಿ, ಕಂಪ್ಲಿಯ ಹೊಳೆದಂಡೆಯಲ್ಲಿ, ಸಂಡೂರಿನ ಏರುದಾರಿಯಲ್ಲಿ ಓಡುವವರನ್ನು ನಾವು ನೋಡುತ್ತೇವೆ. ಇವರು ಓಡುತ್ತಿರುವುದು 2022ರಲ್ಲಿ ಬಂದ ಅಗ್ನಿಪಥಕ್ಕೆ. ಸೇವೆ 4 ವರ್ಷ. 'ಅಗ್ನಿವೀರ' ಅನ್ನುವುದೇ ಒಂದು ಪ್ರತ್ಯೇಕ ರ‍್ಯಾಂಕು, ಬೇರೆ ಯಾವ ರ‍್ಯಾಂಕಿಗೂ ಸೇರದ್ದು. 4 ವರ್ಷದ ಮೇಲೆ ನೂರಕ್ಕೆ 25ರವರೆಗೆ ಮಾತ್ರ ಕಾಯಂ. ಉಳಿದವರಿಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ರೂಪಾಯಿ, ಅದರಲ್ಲಿ ಅರ್ಧ ಅವರದೇ ಸಂಬಳದಲ್ಲಿ ಹಿಡಿದದ್ದು. ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ಮೊದಲ ತಂಡದ 4 ವರ್ಷ ಮುಗಿಯುವುದು 2026–27ರಲ್ಲಿ. ಅವರನ್ನು ಕರೆತರುವ ಜೀಪಿನ ಫ್ಲೆಕ್ಸಿನಲ್ಲಿ ಏನು ಬರೆಸುತ್ತೀರಿ?

ಪಿಂಚಣಿಯ ಹೊರೆ ಜಾಸ್ತಿ, ಸೈನ್ಯ ಹರೆಯದ್ದಾಗಿರಬೇಕು ಅನ್ನುವುದು ಯೋಜನೆ ಪರ ಇರುವವರ ವಾದ. ಸೈನ್ಯ ಹರೆಯದ್ದಾಗಿರಲಿ, ಒಪ್ಪೋಣ. ಆದರೆ ಹೊರೆ ಇಳಿಸುವಾಗ ಮೊದಲು ಇಳಿಸಿದ್ದು ಯಾರ ತಲೆಯಿಂದ? ಆಯ್ಕೆಯಾಗದ ಅಧಿಕಾರಿಗೆ ಟೈಮ್ ಸ್ಕೇಲ್ ಉಂಟು. ಆಯ್ಕೆಯಾಗದ ಅಗ್ನಿವೀರನಿಗೆ ಗಣಿ ಗೇಟಿನ ಸೆಕ್ಯೂರಿಟಿ ಕೆಲಸ ಸಿಕ್ಕರೆ ಪುಣ್ಯ.

ಹಂಪಿಯ ಸುತ್ತ ಹೊಲದ ಬದುವಿನಲ್ಲಿ, ಗುಡಿಯ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿವೆ. ಕನ್ನಡ ನಾಡಿನ ಶಾಸನಗಳಲ್ಲಿ 'ನೆತ್ತರುಗೊಡಗೆ' ಅನ್ನುವ ಪದ ಬರುತ್ತದೆ: ಕಾದಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಕಲ್ಲೂ ನಿಲ್ಲಿಸಿದರು, ಹೊಲವನ್ನೂ ಕೊಟ್ಟರು. ಬರೀ ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳುವುದು ಮಾನ ಅಲ್ಲ ಅನ್ನುವುದು ಆ ಕಾಲದವರಿಗೇ ಗೊತ್ತಿತ್ತು.

ಹಾಗಾಗಿ ನಾವು ಕೇಳುವುದು ಮೂರು. ಗೌರವ ನಾಯಕ್, ಗೌರವ ಹವಾಲ್ದಾರರಿಗೂ ಆ ರ‍್ಯಾಂಕಿನ ಪಿಂಚಣಿ ಕೊಡಿ. ಗೌರವ ರ‍್ಯಾಂಕಿನ ಆದೇಶವಾದ ಕೂಡಲೇ, ಅರ್ಜಿಗೆ ಕಾಯದೆ, ಪಿಂಚಣಿ ಪತ್ರ ತಿದ್ದಿ. 4 ವರ್ಷ ಗಡಿ ಕಾದ ಹುಡುಗನಿಗೆ ಮಾಜಿ ಸೈನಿಕನ ಸ್ಥಾನ ಕೊಡಿ. ಹೊಸಪೇಟೆ, ಹಂಪಿ ಈಗ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆ. ಎರಡೂ ಕಡೆ ವೋಟು ಕೇಳಲು ಬರುವವರಿಗೆ ಈ ಮೂರನ್ನೂ ಮುಖಕ್ಕೆ ಮುಖ ಕೊಟ್ಟು ಕೇಳಿ.

ಮನೆಯಲ್ಲಿ ಮಾಡಬೇಕಾದ ಕೆಲಸವೂ ಒಂದಿದೆ. ನಿಮ್ಮ ಮನೆಯಲ್ಲಿ ಮಿಲ್ಟ್ರಿಯವರಿದ್ದರೆ ಇವತ್ತೇ ಟ್ರಂಕಿನಿಂದ ಪಿ.ಪಿ.ಒ. ತೆಗೆಯಿರಿ. ರ‍್ಯಾಂಕು, ಸೇವೆಯ ವರ್ಷ, ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಒಂದೊಂದಾಗಿ ಓದಿ. ಡಿಸ್ಚಾರ್ಜ್ ಪುಸ್ತಕದ ಜೊತೆ, 'ಸ್ಪರ್ಶ್' ಪೋರ್ಟಲ್‌ನಲ್ಲಿ ಕಾಣುವ ವಿವರದ ಜೊತೆ ತಾಳೆ ನೋಡಿ. ತಪ್ಪಿದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ, ಎಂ.ಇ.ಜಿ.ಯವರಾದರೆ ಬೆಂಗಳೂರು. ಅರ್ಜಿ ಬರೆಯಲು ಸೈನಿಕ ಕಲ್ಯಾಣ ಇಲಾಖೆಯ ನೆರವು ಕೇಳಿ. ಅಪ್ಪ ಇರುವಾಗಲೇ ತಿದ್ದಿಸಿ. ಅವರು ಹೋದ ಮೇಲೆ ಆ ಕಾಗದ ಹಿಡಿದು ಕಚೇರಿ ಕಚೇರಿ ಅಲೆಯುವವಳು ಅವ್ವ.